ಅಗಿಯದ ತುತ್ತು

ಅಪ್ಪ ಮೂಗಿನ ಟ್ಯೂಬನ್ನು ಮತ್ತೆ ಕಿತ್ತು ಹಾಕಿದ್ದಾನೆ ಎಂದು ತಮ್ಮ ರಘು ಫೋನು ಮಾಡಿದಾಗ ನಾನು ಪದ್ಮನಾಭನಗರದ ನನ್ನ ಟ್ಯೂಷನ್ ಕೋಣೆಯಲ್ಲಿ ಹತ್ತನೇ ತರಗತಿಯವರಿಗೆ ತ್ರಿಕೋನಮಿತಿ ಹೇಳಿಕೊಡುತ್ತಿದ್ದೆ. ಮಕ್ಕಳನ್ನು ಮನೆಗೆ ಕಳಿಸಿ ಸ್ಕೂಟರ್ ಹತ್ತಿದೆ. ಅಪ್ಪನ ಮನೆಯಿರುವ ಕದಿರೇನಹಳ್ಳಿ ಮುಟ್ಟುವವರೆಗೂ ಅವನನ್ನು ಬೈಯುತ್ತಲೇ ಹೋದೆ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ತನಗೇ ಬೈದೆನೆಂದುಕೊಂಡು ಗುರಾಯಿಸಿದ.

ಮನೆಗೆ ಬರುವಷ್ಟರಲ್ಲಿ ನರ್ಸ್ ಹೊಸ ಟ್ಯೂಬು ಹಾಕಿ ಹೋಗಿದ್ದಳು. ಅಪ್ಪನ ಎಡಗೈಯನ್ನು ಹಳೇ ಪಂಚೆಯ ತುಂಡಿನಿಂದ ಮಂಚದ ಸರಳಿಗೆ ಕಟ್ಟಿದ್ದರು. ಬಲಗೈ ಕಟ್ಟುವ ಅಗತ್ಯವಿರಲಿಲ್ಲ. ಲಕ್ವ ಹೊಡೆದ ದಿನದಿಂದ ಅದು ಅಪ್ಪನ ಮಾತು ಕೇಳುತ್ತಿರಲಿಲ್ಲ. ಕಟ್ಟಿದವನು ರಘುವೇ. ನನ್ನ ಮುಖ ನೋಡಿ ಅವನೇ ಬಿಚ್ಚಿದ.

“ಡಾಕ್ಟ್ರು ಹೇಳ್ಬಿಟ್ರು ಅಕ್ಕ. ಇನ್ಮೇಲೆ ಮೂಗಲ್ಲಿ ಆಗಲ್ವಂತೆ. ಹೊಟ್ಟೆಗೇ ತೂತು ಮಾಡಿ ಪೈಪ್ ಇಡ್ಬೇಕಂತೆ. ಪರ್ಮನೆಂಟು.”

“ಹಂಗಾದ್ರೆ ಬಾಯಿಗೆ?”

“ಬಾಯಿಗೆ ಇನ್ನೇನೂ ಇಲ್ಲ.”

ಅಪ್ಪನಿಗೆ ಮಾತು ಹೋಗಿತ್ತು, ಕಿವಿ ಹೋಗಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ. ಬೈಯಲು ಕೂಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ನನಗೆ ಮರೆತೇ ಹೋದವು.

ನಮ್ಮಪ್ಪ ಚಿಕ್ಕಬೈರಪ್ಪ ಈ ಊರಿನ ಹಳೇ ಒಕ್ಕಲು. ಈಗ ರಿಂಗ್ ರೋಡಿನಲ್ಲಿ ಬಸ್ಸುಗಳು ನಿಲ್ಲುವ ಕಡೆ ಒಂದು ಕಾಲಕ್ಕೆ ನಮ್ಮ ರಾಗಿ ಹೊಲವಿತ್ತು. ಹೊಲ ಬಡಾವಣೆಗೆ ಹೋಯಿತು, ಮಿಕ್ಕ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದಿತು, ಬಾಡಿಗೆಯವರು ಬಂದರು, ಅಪ್ಪ ‘ಓನರ್ ಅಂಕಲ್’ ಆದ. ಹೊಟ್ಟೆ ಮಾತ್ರ ಹಳೇದೇ ಉಳಿಯಿತು. ಎರಡು ಹೊತ್ತೂ ಹಿಟ್ಟು ಬೇಕು. ನಮ್ಮಲ್ಲಿ ಮುದ್ದೆಗೆ ಹಿಟ್ಟು ಎಂದೇ ಹೇಳುವುದು. ಚಪಾತಿ ಅಪ್ಪನ ಲೆಕ್ಕದಲ್ಲಿ ಕಾಗದ, ಅನ್ನ ಜ್ವರದವರ ಊಟ.

ಮುದ್ದೆಯನ್ನು ಅಗಿಯುವಂತಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಬುಡಕ್ಕೆ ಇಟ್ಟು ನುಂಗಿಬಿಡಬೇಕು. ಅಗಿದರೆ ಹಲ್ಲಿಗೆ ಮೆತ್ತಿಕೊಂಡು ಬಾಯೆಲ್ಲ ಅಂಟಾಗುತ್ತದೆ. ನನ್ನನ್ನು ನೋಡಲು ಬಂದ ಮೊದಲ ಗಂಡು ಎಂಜಿನಿಯರು; ನನಗೆ ಒಪ್ಪಿಗೆಯೂ ಆಗಿದ್ದ. ಊಟಕ್ಕೆ ಕೂತವನು ಮುದ್ದೆಯನ್ನು ಎಮ್ಮೆ ಮೆಲುಕು ಹಾಕುವ ಹಾಗೆ ಅಗಿದ. ಅವರೆಲ್ಲ ಹೊರಟ ಮೇಲೆ ಅಪ್ಪ, “ಹಿಟ್ಟು ನುಂಗಕ್ಕೆ ಬರ್ದೋನು ಸಂಸಾರದ ಕಷ್ಟ ಹೆಂಗ್ ನುಂಗ್ತಾನೆ?” ಎಂದು ಸಂಬಂಧವನ್ನೇ ಕೈಬಿಟ್ಟ. ಆಮೇಲೆ ನಾನು ಕಟ್ಟಿಕೊಂಡ ಚಿದಾನಂದ್ ಮುದ್ದೆಯನ್ನು ಸರಿಯಾಗಿಯೇ ನುಂಗುತ್ತಾರೆ. ಉಳಿದ ವಿಷಯ ಇಲ್ಲಿ ಬೇಡ.

ಅಮ್ಮ ಲಕ್ಷ್ಮಿದೇವಮ್ಮ ಬಡಿಸುವಳು, ಅಪ್ಪ ಉಣ್ಣುವನು, ಅವನು ಕೈ ತೊಳೆದ ಮೇಲೆ ಅದೇ ತಟ್ಟೆಯಲ್ಲಿ ಅಮ್ಮ ಉಣ್ಣುವಳು. ಮದುವೆಯಾದಂದಿನಿಂದ ಈ ಕ್ರಮ ತಪ್ಪಿದ್ದಿಲ್ಲ. ಕಾಲೇಜಿಗೆ ಹೋಗುವಾಗ ನಾನು ಇದರ ಮೇಲೆ ದೊಡ್ಡ ಭಾಷಣವನ್ನೇ ಮಾಡಿದ್ದೆ. ಅಮ್ಮ ಪೂರ್ತಿ ಕೇಳಿ, “ಅವ್ರು ಉಣ್ದೆ ನಂಗೆ ಗಂಟ್ಲಲ್ಲಿ ಇಳಿಯಕ್ಕಿಲ್ಲ ಕಣೆ,” ಎಂದು ಎದ್ದು ಹೋಗಿದ್ದಳು.

ಲಕ್ವ ಹೊಡೆದ ಹೊಸತರಲ್ಲಿ, ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ದಿನ, ಅಪ್ಪ ಬಾಯಿ ಬಾಯಿ ಬಿಡುವುದನ್ನು ನೋಡಲಾರದೆ ಅಮ್ಮ ಅವನಿಗೆ ಚಮಚದಲ್ಲಿ ಕಾಫಿ ಕುಡಿಸಿದಳು. ಕಾಫಿ ಹೊಟ್ಟೆಗೆ ಹೋಗಲಿಲ್ಲ, ಶ್ವಾಸಕೋಶಕ್ಕೆ ಹೋಯಿತು. ನ್ಯುಮೋನಿಯ ಆಗಿ ಅಪ್ಪ ಐಸಿಯುನಲ್ಲಿ ಸಾವಿನ ಬಾಗಿಲು ತಟ್ಟಿ ಬಂದ. ಅಂದಿನಿಂದ ಟ್ಯೂಬು. ಅಮ್ಮ ಅವನ ಬಾಯಿಯ ಹತ್ತಿರ ನೀರಿನ ಲೋಟವನ್ನೂ ಒಯ್ಯಲಿಲ್ಲ.

ಆದರೆ ಅವಳು ಉಣ್ಣಲೇಬೇಕಿತ್ತು. ಸಕ್ಕರೆ ಕಾಯಿಲೆಯವಳು, ಹೊತ್ತು ತಪ್ಪಿದರೆ ತಲೆ ಸುತ್ತಿ ಬೀಳುತ್ತಾಳೆ. ಮಧ್ಯಾಹ್ನ ಒಂದೇ ಒಂದು ಚಿಕ್ಕ ಮುದ್ದೆ ಕಟ್ಟಿ, ಅಡುಗೆಮನೆಯ ಬಾಗಿಲನ್ನು ಮುಂದೆ ಮಾಡಿಕೊಂಡು, ನೆಲದ ಮೇಲೆ ಕೂತು, ತಟ್ಟೆಯ ಸದ್ದು ಬಾರದಂತೆ ತಿನ್ನುವಳು. “ಅವ್ರ ಕಣ್ಮುಂದೆ ಹೆಂಗ್ ತಿನ್ಲೇ? ಪಾಪ ಸುತ್ಕೊಳ್ಳುತ್ತೆ,” ಎನ್ನುವಳು. ತನ್ನ ಮನೆಯಲ್ಲೇ ಕಳ್ಳಿಯ ಹಾಗೆ ಉಣ್ಣುವ ಅವಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಹೊಟ್ಟೆಗೆ ತೂತು ಎಂದ ದಿನ ನಾನು ಮೆಟ್ಟಿಲು ಹತ್ತಿ ದಾನಮ್ಮನ ಕೋಣೆಗೆ ಹೋದೆ.

ದಾನಮ್ಮ ಕೊಪ್ಪಳದ ಕಡೆಯ ಹುಡುಗಿ, ಮೇಲಿನ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದಳು. ಊರಿನಿಂದ ಅವರವ್ವ ಕಳಿಸುವ ಖಡಕ್ ರೊಟ್ಟಿಯೇ ಅವಳ ಊಟ. ಅವಳು ಊಟ ಮಾಡಿದರೆ ಕೆಳಗಿನ ಮನೆಗೆ ಕೇಳಿಸುತ್ತದೆ ಎಂದು ನಾನು ಗೇಲಿ ಮಾಡುತ್ತಿದ್ದೆ. ಪಿಎಚ್‌ಡಿ ಮಾಡುತ್ತಿದ್ದಳು. ಏನು ವಿಷಯವೆಂದರೆ, ನುಂಗುವುದು. ನಾಣ್ಯದಷ್ಟು ಸಣ್ಣ ಸೆನ್ಸರನ್ನು ಗಂಟಲಿಗೆ ಅಂಟಿಸಿ, ಗಂಟಲಿನ ಅದುರಾಟವನ್ನು ಕಂಪ್ಯೂಟರಿಗೆ ಕೇಳಿಸಿ, ಈ ಮನುಷ್ಯ ಸರಿಯಾಗಿ ನುಂಗುತ್ತಾನೋ ಇಲ್ಲವೋ ಎಂದು ಅದರಿಂದ ಹೇಳಿಸುವುದು. ನಾವು ಅಪ್ಪನನ್ನು ತೋರಿಸುವ ಜಯನಗರದ ಆಸ್ಪತ್ರೆಯಲ್ಲೇ ಅವಳ ಪ್ರಯೋಗ ನಡೆಯುತ್ತಿತ್ತು.

“ಕಂಪ್ಯೂಟರಿಗೆ ಹೆಂಗೆ ಗೊತ್ತಾಗುತ್ತೆ ದಾನಮ್ಮ? ನುಂಗೋದು ಯಾವಾಗ ಬೇಕಾದ್ರೂ ಬರುತ್ತೆ, ಹೇಳಿ ಕೇಳಿ ಬರಲ್ಲ.”

“ಅದ ನೋಡ್ರಿ ಅಕ್ಕಾರ ಅದ್ರ ಮಜಾ,” ಎಂದು ಅವಳು ಚಕ್ಕಳಮಕ್ಕಳ ಹಾಕಿ ಕೂತಳು. “ನಮ್ಮ ಕಡೆ ಗೌರಿ ಹುಣ್ಣಿವಿಗೆ ಸಕ್ಕರಿ ಆರತಿ ಮಾಡ್ತೀವ್ರಿ. ಕಟಗಿ ಅಚ್ಚು ಇರ್ತಾವು, ಪಾಕ ಹೊಯ್ದು ತಗದ್ರ ಆನಿ, ಗಿಳಿ, ತೇರು. ಅಚ್ಚು ನಾಕ ನಾಕು, ಆದ್ರ ತಾಟಿನ ತುಂಬ ಆರತಿ. ಗಂಟಲಾನ ಸದ್ದೂ ಹಂಗ ರೀ. ಮುಂಜಾನಿಯಿಂದ ಸಂಜೀತನಕ ರೆಕಾರ್ಡ್ ಮಾಡಿದ್ರೂ ಅದರಾಗ ಬರೋವು ಅವ ನಾಕಾರು ಆಕಾರ. ಕೆಮ್ಮೋದು, ಅಗಿಯೋದು, ನುಂಗೋದು. ಎಲ್ಲಿ ಬರ್ತಾವು ಅಂತ ನಾವು ಹೇಳಿಕೊಡಂಗಿಲ್ರಿ. ಕಂಪ್ಯೂಟರ್ ತಾನ ಹುಡುಕಿ ಅಚ್ಚು ಕೆತ್ತಬೇಕು. ಹೊತ್ತು ಮುಂದಾಗ್ಲಿ ಹಿಂದಾಗ್ಲಿ, ಅದೇ ಅಚ್ಚು ಅಂತ ಗುರುತು ಹಿಡೀಬೇಕು. ಎಷ್ಟು ಕಡಿಮಿ ಅಚ್ಚು ಒತ್ತಿ ಇಡೀ ದಿನಾ ಬರೀತೈತೋ ಅಷ್ಟು ಶಾಣ್ಯಾ ಅಂತ ಲೆಕ್ಕ.”

“ಯಾವ ಅಚ್ಚಿಗೂ ಕೂರದೆ ಇದ್ರೆ?”

“ಉಳಕಿ ಅಂತೀವ್ರಿ ಅದಕ್ಕ. ಉಳಕಿ ಭಾಳ ಆತಂದ್ರ, ಗಂಟಲದಾಗ ಏನೋ ಎಡವಟ್ಟು ಐತಿ ಅಂತ.”

ಗಣಿತ ಹೇಳುವವಳಿಗೆ ಇದು ರುಚಿಸಿತು. ಕಡಿಮೆ ಹೆಜ್ಜೆಯಲ್ಲಿ ಲೆಕ್ಕ ಬಿಡಿಸಿದವರಿಗೇ ನಾನೂ ಪೂರ್ತಿ ಅಂಕ ಕೊಡುವುದು. ಅಪ್ಪನಿಗೆ ಇದನ್ನು ಹಾಕಿ ನೋಡು ಎಂದು ಕೇಳಿದೆ. ಆಸ್ಪತ್ರೆಯಲ್ಲಿ ಒಪ್ಪಿಗೆ ಕೇಳಿ ದಾನಮ್ಮ ಅಪ್ಪನನ್ನು ಪ್ರಯೋಗಕ್ಕೆ ಸೇರಿಸಿದಳು.

ಮೊದಲ ಪರೀಕ್ಷೆ ಮಾಡಿದವಳು ಶ್ವೇತ, ನುಂಗುವುದನ್ನು ಅಭ್ಯಾಸ ಮಾಡಿಸುವ ಥೆರಪಿಸ್ಟ್. ತಾಳ್ಮೆಯ ಹುಡುಗಿ. ಗಟ್ಟಿ ಮಾಡಿದ ನೀರನ್ನು ಚಮಚದಲ್ಲಿ ಕೊಟ್ಟಳು. ಅಪ್ಪ ಕೆಮ್ಮಿದ. ಬಿಸ್ಕತ್ತನ್ನು ನೆನೆಸಿ ಕೊಟ್ಟು, “ಚೆನ್ನಾಗಿ ಅಗೀರಿ ತಾತ,” ಎಂದಳು. ಬಿದ್ದುಹೋದ ಬಲಗೆನ್ನೆಯೊಳಗೆ ಪುಡಿ ಸೇರಿಕೊಂಡು, ಕಡೆಗೆ ಅಪ್ಪ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿಕೊಂಡ. ದಾನಮ್ಮನ ಕಂಪ್ಯೂಟರೂ ಕೈಚೆಲ್ಲಿತು. ಅಪ್ಪನ ಗಂಟಲು ಅದರ ಯಾವ ಅಚ್ಚಿಗೂ ಕೂರಲಿಲ್ಲ, ಬರೀ ಉಳಿಕೆ. ಮುಂದಿನ ವಾರಕ್ಕೆ ಆಪರೇಷನ್ ಗೊತ್ತಾಯಿತು.

ದಾನಮ್ಮನಿಗೆ ಸಮಾಧಾನವಿರಲಿಲ್ಲ. “ಉಗುಳು ನುಂಗೋದರ ನೋಡೂಣ್ರಿ,” ಎಂದು ಆ ವಾರವಿಡೀ ಹಗಲು ಹೊತ್ತು ಅಪ್ಪನ ಗಂಟಲಿಗೆ ಸೆನ್ಸರ್ ಅಂಟಿಸಿಟ್ಟಳು. ಅಪ್ಪ ಅದನ್ನು ಕೀಳಲಿಲ್ಲ. ಟ್ಯೂಬಿನ ಮೇಲಿದ್ದ ಸಿಟ್ಟು ಅದರ ಮೇಲೆ ಇರಲಿಲ್ಲವೇನೋ.

ಭಾನುವಾರ ಅಮ್ಮ ಆ ಹುಡುಗಿಯನ್ನು ಊಟಕ್ಕೆ ಕರೆದಳು. ತನ್ನ ಗಂಡನಿಗಾಗಿ ಇಷ್ಟು ಒದ್ದಾಡುವವಳು ಒಣ ರೊಟ್ಟಿ ತಿನ್ನುವುದು ಅವಳಿಗೆ ಸಹಿಸದಾಯಿತು. ನಾವು ಮೂವರೂ ಅಡುಗೆಮನೆಯ ನೆಲದ ಮೇಲೆ ಕೂತೆವು, ಬಾಗಿಲು ಎಂದಿನಂತೆ ಮುಂದಕ್ಕೆ. ಬಿಸಿ ಮುದ್ದೆ, ಮಸ್ಸೊಪ್ಪಿನ ಸಾರು. ದಾನಮ್ಮ ತುತ್ತು ಬಾಯಿಗಿಟ್ಟುಕೊಂಡು ಅಗಿಯತೊಡಗಿದಳು. ಅಗಿದಳು, ಅಗಿದಳು, ಮತ್ತೂ ಅಗಿದಳು. ಅವಳ ಮುಖ ನೋಡಿ ಅಮ್ಮ ನಕ್ಕುಬಿಟ್ಟಳು. ಲಕ್ವ ಹೊಡೆದ ಮೇಲೆ ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು.

“ಅಗೀಬ್ಯಾಡ ಕಣವ್ವ, ನುಂಗು! ಹಿಟ್ಟನ್ನ ಯಾರಾನಾ ಅಗೀತಾರಾ?”

ನಾನೂ ಸುಮ್ಮನಿರಲಾರದೆ ಎಂಜಿನಿಯರ್ ಗಂಡಿನ ಕತೆ ಹೇಳಿದೆ. ದಾನಮ್ಮ ನಗುತ್ತಾ ನಗುತ್ತಾ ಅರ್ಧಕ್ಕೆ ನಿಂತಳು.

“ಅಕ್ಕಾರ, ಇಲ್ಲಿ ಎಲ್ಲಾರೂ ಹಿಂಗ ನುಂಗ್ತಾರೇನ್ರಿ? ಒಂದ ಸಲಾನೂ ಅಗಿಯಂಗಿಲ್ಲ?”

“ಅಗಿದೋರಿಗೆ ಹೆಣ್ಣು ಕೊಡಲ್ಲ ಅಂತ ಹೇಳ್ದೆನಲ್ಲ.”

ಅವಳು ಕೈ ತಟ್ಟೆಯಲ್ಲೇ ಬಿಟ್ಟು ಗೋಡೆಗೆ ಒರಗಿದಳು. ಮುಖ ಬಿಳಿಚಿತು. ನೆತ್ತಿಗೇನಾದರೂ ಹತ್ತಿತೇ ಎಂದು ಅಮ್ಮ ನೀರು ಕೊಟ್ಟಳು.

ವಿಷಯ ಇಷ್ಟು. ಅಚ್ಚು ಕೆತ್ತಿಸುವುದಕ್ಕಾಗಿ ದಾನಮ್ಮ ಬನಶಂಕರಿಯ ಒಂದು ಮೆಸ್ಸಿನಲ್ಲಿ ಆರೋಗ್ಯವಂತರ ಗಂಟಲುಗಳನ್ನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಕಂಪ್ಯೂಟರಿಗೆ ಕೊಡುವ ಮುಂಚೆ ಕಸ ತೆಗೆಯಬೇಕಲ್ಲ, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ. ರೊಟ್ಟಿ ತಿಂದು ಬೆಳೆದ ಹುಡುಗಿಯ ಲೆಕ್ಕದಲ್ಲಿ ಊಟವೆಂದರೆ ಮೊದಲು ಅಗಿಯುವುದು, ಆಮೇಲೆ ನುಂಗುವುದು. ಅಗಿಯುವ ಸದ್ದೇ ಇಲ್ಲದೆ ಬರಿದೇ ನುಂಗಿದ್ದು ಕಂಡರೆ ಸೆನ್ಸರ್ ಸಡಿಲವಾಗಿದೆ ಎಂದು ತಿಳಿದು ಅವನ್ನು ಆರಿಸಿ ಆರಿಸಿ ಪಕ್ಕಕ್ಕೆ ಹಾಕಿದ್ದಳು. ಕಲ್ಲೆಂದು ಅವಳು ಆರಿಸಿ ಹಾಕಿದ್ದು ಮುದ್ದೆ ನುಂಗುವವರ ಗಂಟಲುಗಳನ್ನು.

“ಅಜ್ಜಾರಿಗೆ ಬ್ಯಾನಿ ಐತಿ ಅಂತ ಕಂಪ್ಯೂಟರ್ ಹೇಳಿಲ್ರಿ,” ಎಂದಳು. ಕಣ್ಣು ತುಂಬಿತ್ತು. “ಅದಕ್ಕ ಗೊತ್ತ ಇಲ್ಲದ್ದನ್ನ ಗೊತ್ತಿಲ್ಲ ಅಂದೈತಿ. ನಾನ ಅದಕ್ಕ ಕಲಸಲಿಲ್ಲ.”

“ಒಗೆದುಬಿಟ್ಯಾ?”

“ಇಲ್ರಿ. ಬ್ಯಾರೆ ಕಡೆ ಇಟ್ಟೀನಿ.”

“ಹಂಗಾದ್ರೆ ಅಳೋದ್ಯಾಕೆ? ಮತ್ತೆ ಕಲಿಸು.”

ಅವಳು ಎದ್ದು ಓಡಿದಳು. ಮೇಲಿನಿಂದ ಇನ್ನೊಂದು ಸೆನ್ಸರ್ ತಂದು ಅಮ್ಮನ ಗಂಟಲಿಗೂ ಅಂಟಿಸಿ ಹೋದಳು. ಮುದ್ದೆಯನ್ನು ಸರಿಯಾಗಿ ನುಂಗುವವರೊಬ್ಬರ ತಾಜಾ ರೆಕಾರ್ಡ್ ಬೇಕಿತ್ತಂತೆ. ಅಮ್ಮ ನಾಚಿಕೊಂಡು, ನನಗೆ ಬೆನ್ನು ಮಾಡಿ ಕೂತು ಉಳಿದ ಮುದ್ದೆ ಮುಗಿಸಿದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ದಾನಮ್ಮ ಲ್ಯಾಪ್‌ಟಾಪ್ ಹಿಡಿದು ಕೆಳಗೆ ಬಂದಳು. ಪರದೆಯ ಮೇಲೆ ಹಳೇ ಅಚ್ಚುಗಳ ಪಕ್ಕದಲ್ಲಿ ಹೊಸದೊಂದು ಹುಟ್ಟಿತ್ತು. ಹಿಂದೆ ಮುಂದೆ ಏನೂ ಇಲ್ಲ. ಒಂದು ಆಳದ ಇಳಿತ, ಒಂದು ಸಣ್ಣ ಏರು. “ಇದನ್ನ ನಾನು ತೋರಿಸಿಲ್ರಿ, ತಾನ ಹುಡುಕೈತಿ,” ಎಂದಳು. ಆ ಅಚ್ಚನ್ನು ಅಪ್ಪನ ಇಡೀ ವಾರದ ರೆಕಾರ್ಡಿನ ಮೇಲೆ ಹರಿಸಿ ನೋಡಿದ್ದಳು. ಮೊದಲು ಯಾವುದಕ್ಕೂ ಕೂರದಿದ್ದ ಉಳಿಕೆಯಲ್ಲಿ ಬಹಳಷ್ಟು ಈಗ ಕರಗಿಹೋಗಿತ್ತು. ಅಚ್ಚು ಹೇಳಿ ಮಾಡಿಸಿದ ಹಾಗೆ ಕೂತಿತ್ತು.

“ತಾಳು. ಅಪ್ಪನ ಬಾಯಿಗೆ ನಾವು ಏನೂ ಕೊಟ್ಟಿಲ್ವಲ್ಲ. ಮುದ್ದೆ ನುಂಗೋ ಅಚ್ಚು ಹೆಂಗ್ ಬರುತ್ತೆ?”

“ಅದ ಕೇಳಬೇಕಂತ ಬಂದೀನ್ರಿ. ಅದೂ ಎಲ್ಲಾ ಹೊತ್ತಿನ್ಯಾಗೂ ಇಲ್ಲ. ಮಧ್ಯಾಹ್ನ ಒಂದ ಕಡೆ ಗುಂಪಾಗಿ ಬರ್ತಾವು. ದಿನಾ.”

ಅವಳು ಆ ದಿನ ಮಧ್ಯಾಹ್ನದ ಎರಡು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟಳು. ಮೇಲಿನದು ಅಡುಗೆಮನೆಯಲ್ಲಿದ್ದ ಅಮ್ಮನ ಗಂಟಲು. ಕೆಳಗಿನದು ಹಜಾರದ ಮಂಚದ ಮೇಲಿದ್ದ ಅಪ್ಪನದು. ಅಮ್ಮನ ಗೆರೆಯಲ್ಲಿ ಅಚ್ಚು ಬಂದಲ್ಲೆಲ್ಲ, ಒಂದುಸಿರು ಬಿಟ್ಟು, ಅಪ್ಪನ ಗೆರೆಯಲ್ಲೂ ಅದೇ ಅಚ್ಚು. ಅವಳದಾದ ಮೇಲೆ ಅವನದು. ಒಂದೂ ಮುಂಚೆ ಇಲ್ಲ. ಅಮ್ಮ ನಡುವೆ ನೀರು ಕುಡಿಯಲು ನಿಲ್ಲಿಸಿದ ಕಡೆ ಅಪ್ಪನೂ ನಿಲ್ಲಿಸಿದ್ದ.

ಕಂಪ್ಯೂಟರಿಗೆ ಬೇಕಾದದ್ದು ಅಚ್ಚು ಯಾವುದು ಎಂಬುದಷ್ಟೇ, ಯಾವಾಗ ಬಂದರೂ ಅದಕ್ಕೆ ಒಂದೇ. ನನಗೆ ಬೇಕಾದದ್ದು ಅದು ಯಾವಾಗ ಬಂತು ಎಂಬುದು. ಎದ್ದು ಹೋಗಿ ಅಪ್ಪನ ದಿಂಬಿನ ಪಕ್ಕದಲ್ಲಿ ತಲೆಯಿಟ್ಟು ಅವನು ನೋಡುವ ಕಡೆಯೇ ನೋಡಿದೆ. ಅಮ್ಮ ಮುಚ್ಚಿದ್ದೇನೆಂದು ತಿಳಿದಿದ್ದ ಬಾಗಿಲು ಹಿಂದಿನಿಂದ ಸರಿಯಾಗಿ ಮುಚ್ಚುತ್ತಿರಲಿಲ್ಲ. ತಿರುಗಣಿಯ ಸಂದಿಯಲ್ಲಿ ಅಡುಗೆಮನೆಯ ಒಂದು ಪಟ್ಟಿ ಕಾಣುತ್ತಿತ್ತು. ದಾನಮ್ಮನನ್ನು ಅಮ್ಮನ ಜಾಗದಲ್ಲಿ ಕೂರಿಸಿ ಉಣ್ಣುವ ಹಾಗೆ ಕೈಯಾಡಿಸಲು ಹೇಳಿದೆ. ಅವಳ ಮೊಣಕೈ ಕಂಡಿತು. ಅದು ಏರಿತು, ಇಳಿಯಿತು.

ಅಪ್ಪ ಅಮ್ಮನ ಮೊಣಕೈ ನೋಡುತ್ತಿದ್ದ. ಐದು ತಿಂಗಳಿಂದ ಅವಳು ಕದ್ದು ಉಂಡ ಊಟವನ್ನು ಅವನು ಬರಿಬಾಯಿಯಲ್ಲಿ ಅವಳ ಜೊತೆ ಉಣ್ಣುತ್ತಿದ್ದ.

ಅಮ್ಮನಿಗೆ ಹೇಳಬೇಕೋ ಬೇಡವೋ ಎಂದು ನಾನು ಯೋಚಿಸಲಿಲ್ಲ, ಯೋಚಿಸಿದ್ದರೆ ಹೇಳುತ್ತಿರಲಿಲ್ಲ. ಅಮ್ಮ ಗೆರೆಗಳನ್ನು ನೋಡಿದಳು, ಬಾಗಿಲ ಸಂದಿಯನ್ನು ನೋಡಿದಳು. ಹೋಗಿ ಅಪ್ಪನ ಮಂಚದ ಕೆಳಗೆ ಕೂತಳು.

“ಅಯ್ಯೋ ದ್ಯಾವ್ರೆ, ನೋಡ್ತಿದ್ರಾ ನೀವು?” ಎಂದಳು. “ಬಚ್ಚಿಟ್ಕೊಂಡು ತಿಂದ್ನಲ್ಲ ನಾನು.”

ಅಪ್ಪ ಎಡಗೈಯನ್ನು ಅವಳ ತಲೆಯ ಮೇಲಿಟ್ಟ. ನಾನು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆದೆ.

ಮುದ್ದೆ ಕೊಟ್ಟೇ ಅಪ್ಪನಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿಸೋಣ ಎಂದರೆ ರಘು ಒಪ್ಪಲಿಲ್ಲ. “ಕಾಫಿಗೇ ಐಸಿಯು ಸೇರಿದ್ರು, ಈಗ ಮುದ್ದೆನಾ? ಗಂಟ್ಲಲ್ಲಿ ಸಿಕ್ಕಾಕೊಂಡ್ರೆ ಯಾರಕ್ಕ ಜವಾಬ್ದಾರಿ? ಸಾಯಿಸ್ಬೇಕು ಅಂತಿದೀರಾ?” ಎಂದು ಕೂಗಾಡಿದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಅದಕ್ಕೇ ನನಗೂ ಸಿಟ್ಟು ಬಂತು. ನಾವಿಬ್ಬರೂ ಕಿತ್ತಾಡುವುದನ್ನು ಅಮ್ಮ ನೋಡಿ ನೋಡಿ ಕಡೆಗೆ ಹೇಳಿದಳು, “ಅವ್ರು ಕೇಳ್ತಿರೋದು ಒಂದೇ ತುತ್ತು. ಇಲ್ಲ ಅಂತ ಹೇಳೋದಾದ್ರೆ ಡಾಕ್ಟ್ರು ನೋಡಿ ಹೇಳ್ಳಿ. ನೋಡ್ದೆ ತೂತು ಮಾಡೋದ್ ಬ್ಯಾಡ.”

ಮಾರನೆಯ ದಿನ ದಾನಮ್ಮನನ್ನು ಕರೆದುಕೊಂಡು ಶ್ವೇತಳ ಮುಂದೆ ಹೋಗಿ ಕೂತೆ. ಎರಡು ಗೆರೆಗಳನ್ನು ಅವಳು ಬಹಳ ಹೊತ್ತು ನೋಡಿದಳು.

“ಈ ಮೆಷಿನ್ನ ನಂಬಿ ನಾನು ಬಾಯಿಗೆ ಏನೂ ಇಡಲ್ಲ ಮೇಡಂ,” ಎಂದಳು. “ಅದು ಇನ್ನೂ ಕಲೀತಾ ಇದೆ. ಆದ್ರೆ ತಾತನ ಗಂಟಲಲ್ಲಿ ಶಕ್ತಿ ಇದೆ ಅಂತ ಇದು ತೋರಿಸ್ತಿದೆ, ಅದನ್ನ ನಾನು ಇಲ್ಲ ಅನ್ನಲ್ಲ. ಡಾಕ್ಟ್ರನ್ನ ಕೇಳ್ತೀನಿ. ಗಂಟಲೊಳಗೆ ಕ್ಯಾಮೆರಾ ಇಳಿಸಿ, ಒಂದೇ ಒಂದ್ಸಲ ನೋಡೋಣ.” ಆಮೇಲೆ ದನಿ ತಗ್ಗಿಸಿ, “ನಮ್ಮಜ್ಜಿ ಮನೇಲೂ ನುಂಗ್ತಿದ್ವಿ. ನಮ್ಮ ಟೆಸ್ಟಿನಲ್ಲಿ ಬಿಸ್ಕತ್ತಿದೆ, ಮುದ್ದೆ ಇಲ್ಲ. ಯಾಕಿಲ್ಲ ಅಂತ ನಾನೂ ಯಾವತ್ತೂ ಕೇಳ್ಲಿಲ್ಲ ನೋಡಿ,” ಎಂದಳು.

ಆಪರೇಷನ್ನಿಗೆ ಗೊತ್ತಾಗಿದ್ದ ದಿನದ ಹಿಂದಿನ ದಿನವೇ ಆ ಪರೀಕ್ಷೆ. ಸರಿಹೋಗದಿದ್ದರೆ ಮಾರನೆಯ ಬೆಳಗ್ಗೆ ಅಪ್ಪನನ್ನು ಆಪರೇಷನ್ ಥಿಯೇಟರಿಗೆ ಒಯ್ಯುವುದು, ಆಮೇಲೆ ಮುದ್ದೆಯ ಮಾತನ್ನು ಯಾರೂ ಎತ್ತುವಂತಿಲ್ಲ. ಅಮ್ಮ ಎಸರಿಟ್ಟು, ಒಂದೂ ಗಂಟಿಲ್ಲದಂತೆ ತೊಳಸಿ, ಎಂದಿಗಿಂತ ಮೆತ್ತಗೆ ಮುದ್ದೆ ಕಟ್ಟಿದಳು. ಸ್ಟೀಲ್ ಡಬ್ಬಿಗೆ ಹಾಕಿ, ಟವೆಲ್ಲಿನಲ್ಲಿ ಸುತ್ತಿ, ಆಟೋದಲ್ಲಿ ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಬಂದಳು.

ಅಪ್ಪನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದರು. ಒಂದು ಹೊಳ್ಳೆಯಲ್ಲಿ ಟ್ಯೂಬಿತ್ತು, ಇನ್ನೊಂದರಲ್ಲಿ ಶ್ವೇತ ದಾರದಂಥ ಕ್ಯಾಮೆರಾ ಇಳಿಸಿದಳು. ಪರದೆಯ ಮೇಲೆ ಅಪ್ಪನ ಗಂಟಲಿನ ಒಳಗು ಕಂಡಿತು, ತೇವವಾಗಿ, ಕೆಂಪಗೆ, ಉಸಿರಿನ ಜೊತೆ ಅಲುಗುತ್ತಾ. ಪಕ್ಕದಲ್ಲಿ ಸಿಕ್ಕಿಕೊಂಡದ್ದನ್ನು ಎಳೆದು ತೆಗೆಯುವ ಸಕ್ಷನ್ ಯಂತ್ರ ಗುಂಯ್‌ಗುಡುತ್ತಿತ್ತು. ಎಲ್ಲಿ ಹೋಯಿತೆಂದು ಕಾಣಲು ಊಟಕ್ಕೆ ಹಸಿರು ಬಣ್ಣ ಬೆರೆಸುತ್ತಾರಂತೆ. ಮಸ್ಸೊಪ್ಪಿನ ಸಾರು ನೋಡಿ ಶ್ವೇತ, “ಬಣ್ಣ ಬೇಡ ಬಿಡಿ ಅಮ್ಮ, ನೀವೇ ತಂದಿದೀರ,” ಎಂದಳು. ಯಾರೂ ನಗಲಿಲ್ಲ. ರಘು ನೋಡಲಾರೆನೆಂದು ಹೊರಗೆ ನಿಂತಿದ್ದ.

ಅಮ್ಮ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು, ಮುದ್ದೆಯನ್ನು ಗೋಲಿಯಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ಅಪ್ಪನ ನಾಲಿಗೆಯ ಹಿಂದಕ್ಕೆ ಇಟ್ಟಳು. ಅಪ್ಪ ಬಾಯಿ ಮುಚ್ಚಿದ.

ಏನೂ ಆಗಲಿಲ್ಲ.

“ನುಂಗಿ ತಾತ,” ಎಂದಳು ಶ್ವೇತ. ಪರದೆಯಲ್ಲಿ ಗಂಟಲು ಸುಮ್ಮನೆ ಉಸಿರಾಡುತ್ತಿತ್ತು. “ನಿಧಾನಕ್ಕೆ. ನುಂಗಿ.” ಅಪ್ಪ ಕಣ್ಣು ಮಿಟುಕಿಸದೆ ಕೂತಿದ್ದ. ತುತ್ತು ಬಾಯಿಯಲ್ಲೇ ಇತ್ತು. ಜಾರಿ ಅಡ್ಡದಾರಿ ಹಿಡಿದರೆ ಶ್ವಾಸಕೋಶಕ್ಕೇ. ದಾನಮ್ಮ ಅಪ್ಪನ ಗಂಟಲಿಗೆ ಅಂಟಿಸಿದ್ದ ಸೆನ್ಸರಿನ ಗೆರೆಯನ್ನೇ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದಳು.

“ಬೇಡ ಮೇಡಂ, ರಿಸ್ಕು. ತೆಗೆದ್ಬಿಡ್ತೀನಿ,” ಎಂದು ಶ್ವೇತ ಸಕ್ಷನ್ನಿನ ಕೊಳವೆಗೆ ಕೈ ಹಾಕಿದಳು.

ಆಗ ಅಪ್ಪನ ಎಡಗೈ ಮೇಲೆದ್ದಿತು. ಕ್ಯಾಮೆರಾ ಕೀಳುತ್ತಾನೆ ಎಂದು ನಾನು ಹಿಡಿಯಲು ಹಾರಿದೆ. ಕೈ ಮೂಗಿಗೆ ಹೋಗಲಿಲ್ಲ. ಅಮ್ಮನ ಮಡಿಲಲ್ಲಿದ್ದ ತಟ್ಟೆಯ ಅಂಚನ್ನು ತಡವಿ ಹಿಡಿದು ಅವಳ ಹೊಟ್ಟೆಯ ಕಡೆಗೆ ತಳ್ಳಿತು. ಬಿಟ್ಟು ಮತ್ತೆ ತಳ್ಳಿತು.

“ಬ್ಯಾಡ್ವಂತೆ,” ಎಂದಳು ಅಮ್ಮ. “ಬ್ಯಾಡ ಅಂತವ್ರೆ. ಬಿಡಿ.”

“ಬೇಡ ಅಂತಿಲ್ಲಮ್ಮ,” ಎಂದೆ. ಮಂಚದ ದಿಂಬಿನಿಂದ ಕಂಡ ಆ ಸಂದಿ ನನ್ನ ಕಣ್ಣ ಮುಂದಿತ್ತು. “ನೀನು ತಿನ್ನು. ನೀನ್ ಮೊದ್ಲು ನುಂಗು. ನಿನಗೋಸ್ಕರ ಕಾಯ್ತಾ ಇದ್ದಾನೆ.”

ಅಮ್ಮ ನನ್ನನ್ನು ನೋಡಿದಳು, ಆಮೇಲೆ ಶ್ವೇತಳನ್ನು, ದಾನಮ್ಮನನ್ನು. ಗಂಡ ಉಣ್ಣುವ ಮುಂಚೆ ಅವನೆದುರಿಗೆ, ಅದೂ ಪರರ ಮುಂದೆ, ತುತ್ತೆತ್ತಿದವಳಲ್ಲ ಅವಳು. ತುತ್ತು ಮುರಿದಳು. ಸಾರಿನಲ್ಲಿ ಹೊರಳಿಸಿದಳು. ಸೆರಗನ್ನು ಮುಖಕ್ಕೆ ಅಡ್ಡ ಹಿಡಿಯಲು ಹೋಗಿ ಯಾಕೋ ಕೈಬಿಟ್ಟಳು. ಅಪ್ಪನಿಗೆ ಕಾಣುವ ಹಾಗೆ, ಕತ್ತೆತ್ತಿ ನುಂಗಿದಳು.

ಅಪ್ಪ ಅವಳ ಗಂಟಲನ್ನೇ ನೋಡುತ್ತಿದ್ದ. ಒಂದುಸಿರು. ಅವನ ಗಂಟಲು ಮೇಲೆದ್ದು ಇಳಿಯಿತು. ಪರದೆ ಫಕ್ಕನೆ ಬೆಳ್ಳಗಾಯಿತು. ನುಂಗುವ ಗಳಿಗೆಯಲ್ಲಿ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲವಂತೆ. ನನಗೆ ಅದು ತಿಳಿದಿರಲಿಲ್ಲ, ಎಲ್ಲ ಮುಗಿಯಿತು ಎಂದುಕೊಂಡು ದಾನಮ್ಮನ ತೋಳು ಹಿಡಿದುಕೊಂಡೆ. ಪರದೆ ಮತ್ತೆ ತಿಳಿಯಾಯಿತು. ಕೆಂಪು ಗಂಟಲು ಹಾಗೇ ಇತ್ತು. ಅಕ್ಕಪಕ್ಕದಲ್ಲಿ ಹಸಿರಿನ ಒಂದು ಗೆರೆಯೂ ಉಳಿದಿರಲಿಲ್ಲ.

“ಕ್ಲಿಯರ್,” ಎಂದಳು ಶ್ವೇತ. ಕ್ಯಾಮೆರಾ ಹಿಡಿದ ಕೈ ಅಲುಗದಂತೆ ಕಣ್ಣನ್ನು ತೋಳಿಗೆ ಒರೆಸಿಕೊಂಡಳು. “ಪೂರ್ತಿ ಕ್ಲಿಯರ್ ಅಮ್ಮ. ಇನ್ನೂ ಒಂದು ನೋಡೋಣ.”

“ಅದ ಅಚ್ಚು ರೀ ಅಕ್ಕಾರ,” ಎಂದು ದಾನಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ಅಪ್ಪ ಬಾಯಿ ತೆರೆದ. ಅಮ್ಮ ಎರಡನೆಯ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಅವನ ನಾಲಿಗೆಯ ಹಿಂದಕ್ಕೆ ಇಟ್ಟಳು. ಆಮೇಲೆ ಯಾರೂ ಹೇಳದೆಯೇ ತನಗೂ ಒಂದು ಮುರಿದುಕೊಂಡು, ಅವನಿಗಿಂತ ಮೊದಲು ನುಂಗಿದಳು.